ಸಿಸ್ಟರ್, ಮಗು ಇನ್ನೂ ಅಂಬೆಗಾಲಿಡುತ್ತಿಲ್ಲ

ಓದುಗರ ಪ್ರಶ್ನೆಗಳಿಗೆ ಕಾಸರಗೋಡಿನ ನಿವೃತ್ತ ಮಕ್ಕಳ ನರ್ಸ್ ಒಬ್ಬರ ಉತ್ತರ

ಈ ತಿಂಗಳ ಪತ್ರಗಳನ್ನು ಓದುತ್ತಾ ಹೋದರೆ ಒಂದು ತಮಾಷೆ ಕಾಣುತ್ತದೆ. ಜನ ಹೆದರಿ ಬರೆದದ್ದರಲ್ಲಿ ಹೆಚ್ಚಿನವು ಹೆದರುವಂಥದ್ದೇ ಅಲ್ಲ. ಕೊನೆಗೆ 'ಅಂದ ಹಾಗೆ' ಎಂದು ಸುಮ್ನೆ ಸೇರಿಸಿದ ಸಾಲಿನಲ್ಲಿ ನಿಜವಾದ ವಿಷಯ ಕೂತಿರುತ್ತದೆ. ನಾನು ವಾರ್ಡಿನಲ್ಲಿದ್ದಾಗಲೂ ಹೀಗೇ. ಹಲ್ಲು ಬಂದಿಲ್ಲ ಎಂದು ಮಗುವನ್ನು ಎತ್ತಿಕೊಂಡು ಓಡಿ ಬರುತ್ತಿದ್ದರು. ಕರೆದರೆ ತಿರುಗಿ ನೋಡುವುದಿಲ್ಲ ಎಂಬುದನ್ನು ಚೀಟಿ ಹಿಡಿದು ಹೊರಡುವಾಗ, ಬಾಗಿಲ ಹತ್ತಿರ ಹೇಳುತ್ತಿದ್ದರು. ಆದ್ದರಿಂದ ನಾನು ಪತ್ರಗಳನ್ನು ಕೊನೆಯಿಂದ ಓದುವುದು ಜಾಸ್ತಿ.

ಪ್ರಶ್ನೆ: ಮಗಳಿಗೆ ಹತ್ತೂವರೆ ತಿಂಗಳು. ಇನ್ನೂ ಅಂಬೆಗಾಲಿಡುತ್ತಿಲ್ಲ. ಕೂತಲ್ಲಿಂದ ಕುಂಡೆಯಲ್ಲೇ ಜಾರಿಕೊಂಡು ಇಡೀ ಮನೆ ಸುತ್ತುತ್ತಾಳೆ. ಅಂಬೆಗಾಲಿಡದ ಮಗು ಮುಂದೆ ಸರಿಯಾಗಿ ನಡೆಯುವುದಿಲ್ಲ ಎಂದು ಅತ್ತೆ ಹೇಳುತ್ತಾರೆ. ನಡೆಯಲು ಕಲಿಯಲಿ ಎಂದು ವಾಕರ್ ತಂದಿಟ್ಟಿದ್ದಾರೆ. ಕೂರಿಸಲಾ? — ಒಬ್ಬ ತಾಯಿ, ಪೆರ್ಲ

ಉತ್ತರ: ಮೊದಲು ವಾಕರನ್ನು ಅಟ್ಟಕ್ಕೆ ಹಾಕಿ, ತಂಗಿ. ಉಳಿದದ್ದು ಆಮೇಲೆ ಮಾತಾಡೋಣ.

ಮಕ್ಕಳು ಯಾವಾಗ ಏನು ಮಾಡುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಂದು ದೊಡ್ಡ ಅಧ್ಯಯನ ಮಾಡಿತ್ತು. ಭಾರತವೂ ಸೇರಿ 6 ದೇಶಗಳ ಮಕ್ಕಳನ್ನು 1997ರಿಂದ 2003ರವರೆಗೆ ಅಳೆದು, ತೂಗಿದರು. ಕೂರುವುದು, ನಡೆಯುವುದನ್ನು ಅದರಲ್ಲಿ 5 ದೇಶಗಳಲ್ಲಿ ನೋಡಿದರು, ಭಾರತವೂ ಸೇರಿ. ಆರೋಗ್ಯವಾಗಿರುವ ಮಕ್ಕಳು ಕೈ ಮತ್ತು ಮೊಣಕಾಲೂರಿ ಹರಿದದ್ದು 5.2 ತಿಂಗಳಿಂದ 13.5 ತಿಂಗಳ ಒಳಗೆ. ಎಷ್ಟು ಅಗಲ ನೋಡಿ! ಒಬ್ಬಳು ಐದು ತಿಂಗಳಿಗೆ, ಇನ್ನೊಬ್ಬಳು ವರ್ಷ ದಾಟಿ. ಇಬ್ಬರೂ ಸರಿಯೇ. ಇನ್ನೂ ಒಂದು ವಿಷಯ. ಆ ಅಧ್ಯಯನದಲ್ಲಿ 100ಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ.  ಯಾರಿಗೂ ಹಿಡಿಯದೆ ನಡೆದದ್ದು 8.2ರಿಂದ 17.6 ತಿಂಗಳ ಒಳಗೆ.

ನಮ್ಮ ಕೇರಳದ್ದೇ ಒಂದು ಪಟ್ಟಿ ಇದೆ, ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರಿನದ್ದು. ಎರಡು ವರ್ಷದೊಳಗಿನ ಮಕ್ಕಳಿಗೆ 17 ವಿಷಯ, ಎಲ್ಲವೂ ಒಂದೇ ಹಾಳೆಯಲ್ಲಿ. ಅಡ್ಡಕ್ಕೆ ತಿಂಗಳುಗಳು, ಪ್ರತಿ ವಿಷಯಕ್ಕೂ ಒಂದು ಉದ್ದ ಪಟ್ಟೆ. ಮಗುವಿನ ವಯಸ್ಸಿನ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ಇಡುವುದು. ಪೆನ್ಸಿಲಿನ ಎಡಕ್ಕೆ ಮುಗಿದುಹೋದ ಪಟ್ಟೆಯದ್ದನ್ನೆಲ್ಲ ಮಗು ಮಾಡುತ್ತಿರಬೇಕು. ಪೆನ್ಸಿಲನ್ನು ದಾಟಿ ಹೋಗುವ ಪಟ್ಟೆಯದ್ದಕ್ಕೆ ಇನ್ನೂ ಸಮಯ ಇದೆ. ಅಷ್ಟೇ. ನಗುವುದು, ಕತ್ತು ನಿಲ್ಲುವುದು, ಶಬ್ದ ಬಂದ ಕಡೆ ತಿರುಗುವುದು, ಈ ಕೈಯಿಂದ ಆ ಕೈಗೆ ದಾಟಿಸುವುದು ಎಲ್ಲ ಅದರಲ್ಲಿದೆ. ಆದರೆ ಅಂಬೆಗಾಲು ಆ 17ರಲ್ಲಿ ಇಲ್ಲವೇ ಇಲ್ಲ! ಅಮೆರಿಕದವರೂ 2022ರಲ್ಲಿ ತಮ್ಮ ಪಟ್ಟಿಯಿಂದ ಅದನ್ನು ತೆಗೆದರು. ಅತ್ತೆಗೆ ಇದನ್ನು ಓದಿ ಹೇಳಿ, ಮೆಲ್ಲ ಧ್ವನಿಯಲ್ಲಿ.

ಕುಂಡೆಯಲ್ಲಿ ಜಾರುವ ಮಕ್ಕಳು ಬೇರೆಯವರಿಗಿಂತ ಸ್ವಲ್ಪ ತಡವಾಗಿ ನಡೆಯುವುದುಂಟು. ನೀವು ನೋಡಬೇಕಾದದ್ದು ಬೇರೆ. ಕಂಕುಳಲ್ಲಿ ಹಿಡಿದು ನಿಲ್ಲಿಸಿದರೆ ಎರಡೂ ಕಾಲಿನ ಮೇಲೆ ಭಾರ ಹಾಕುತ್ತಾಳಾ? ಜಾರುವಾಗ ಎರಡೂ ಕಡೆ ಒಂದೇ ರೀತಿ ತಳ್ಳುತ್ತಾಳಾ, ಅಥವಾ ಒಂದು ಕಾಲು ಸುಮ್ನೆ ಎಳೆದುಕೊಂಡು ಬರುತ್ತದಾ? ನೆಲದ ಮೇಲೆ ಬಿದ್ದ ಮಂಡಕ್ಕಿ ಕಾಳನ್ನು ಹೆಬ್ಬೆರಳು, ತೋರುಬೆರಳಲ್ಲಿ ಹೆಕ್ಕಿ ಬಾಯಿಗೆ ಹಾಕಲು ನೋಡುತ್ತಾಳಾ? ಇವೆಲ್ಲ ಸರಿ ಇದ್ದರೆ ಕಾಯಿರಿ. ಕಾಲು ತೀರ ಬಿಗಿ ಅಥವಾ ತೀರ ಮೆತ್ತಗೆ ಅನಿಸಿದರೆ ಕಾಯಬೇಡಿ.

ಇನ್ನು ವಾಕರ್. ಅದರಲ್ಲಿ ಕೂತ ಮಗು ತುದಿಗಾಲಲ್ಲಿ ನೆಲವನ್ನು ಒದೆಯುತ್ತದೆಯೇ ಹೊರತು ನಡೆಯಲು ಕಲಿಯುವುದಿಲ್ಲ. ಒಂದು ಸೆಕೆಂಡಿನಲ್ಲಿ ಮೂರು ಅಡಿಗಿಂತ ಜಾಸ್ತಿ ದೂರ ಹೋಗಿಬಿಡುತ್ತದೆ. ನಮ್ಮ ಕಡೆಯ ಮನೆ ಗೊತ್ತಲ್ವಾ? ನುಣ್ಣನೆಯ ನೆಲ, ಜಗಲಿ, ಜಗಲಿಯಿಂದ ಅಂಗಳಕ್ಕೆ ಮೆಟ್ಟಿಲು. ನೀವು ಒಲೆಯ ಮೇಲಿನ ಹಾಲು ನೋಡಿ ತಿರುಗುವಷ್ಟರಲ್ಲಿ ವಾಕರ್ ಸಮೇತ ಮಗು ಅಂಗಳದಲ್ಲಿರುತ್ತದೆ. ಕೆನಡಾದಲ್ಲಿ 2004ರಲ್ಲೇ ವಾಕರ್ ಮಾರುವುದನ್ನು ನಿಷೇಧಿಸಿದರು. ಅದರ ಬದಲು ಚಾಪೆ ಹಾಸಿ ಬಿಡಿ. ಒಂದು ಗಟ್ಟಿ ಸ್ಟೂಲಿನ ಮೇಲೆ ಅವಳಿಗೆ ಬೇಕಾದ ಸೌಟೋ ಡಬ್ಬಿಯೋ ಇಡಿ. ಅದರ ಆಸೆಗೆ ಹಿಡಿದು ಏಳುತ್ತಾಳೆ.

ಪ್ರಶ್ನೆ: ಹತ್ತು ತಿಂಗಳಾದರೂ ಒಂದು ಹಲ್ಲೂ ಇಲ್ಲ. ಕ್ಯಾಲ್ಸಿಯಂ ಕಡಿಮೆಯಾ? ಮೊನ್ನೆ ಜ್ವರ ಬಂದಾಗ ಹಲ್ಲಿನ ಜ್ವರ ಎಂದು ಸುಮ್ಮನಿದ್ದೆವು. — ಮಂಜೇಶ್ವರ

ಉತ್ತರ: ಅಲ್ಲ. ಅಪ್ಪನಿಗೋ ಅಮ್ಮನಿಗೋ ತಡವಾಗಿ ಬಂದಿದ್ದರೆ ಮಗುವಿಗೂ ತಡ. ಒಂದೂಕಾಲು ವರ್ಷವಾದರೂ ಬಾರದಿದ್ದರೆ ತೋರಿಸಿ. ಆದರೆ ಹಲ್ಲು ಬರುವಾಗ ಜೊಲ್ಲು ಬರುತ್ತದೆ, ಕಿರಿಕಿರಿ ಇರುತ್ತದೆ, ಮೈ ಸ್ವಲ್ಪ ಬೆಚ್ಚಗಾಗಬಹುದು, ಅಷ್ಟೇ. ಜೋರು ಜ್ವರವನ್ನೂ ಭೇದಿಯನ್ನೂ ಹಲ್ಲಿನ ತಲೆಗೆ ಕಟ್ಟಬೇಡಿ. ಅದಕ್ಕೆ ಬೇರೆ ಕಾರಣ ಇರುತ್ತದೆ, ಡಾಕ್ಟರಿಗೆ ತೋರಿಸಬೇಕು.

ಪ್ರಶ್ನೆ: ಮಗನಿಗೆ 22 ತಿಂಗಳು. ನಾಲ್ಕೈದು ಶಬ್ದ ಬಿಟ್ಟರೆ ಮಾತಿಲ್ಲ. ನಮ್ಮ ಮನೆಯಲ್ಲಿ ಕನ್ನಡ, ನನ್ನ ಅಮ್ಮನ ಹತ್ತಿರ ತುಳು, ಅಂಗನವಾಡಿಯಲ್ಲಿ ಮಲಯಾಳ. ಇಷ್ಟು ಭಾಷೆ ಸೇರಿ ಅವನಿಗೆ ಗೊಂದಲ ಆಗಿದೆ, ಒಂದೇ ಭಾಷೆ ಮಾತಾಡಿ ಎಂದು ಎಲ್ಲರೂ ಹೇಳುತ್ತಾರೆ. ಇವನ ಅಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದಂತೆ. ಅಂದ ಹಾಗೆ, ಮೊಬೈಲಿನಲ್ಲಿ ಎಬಿಸಿಡಿ ಹಾಡು ಹಾಕಿದರೆ ಜೊತೆಗೆ ಹಾಡುತ್ತಾನೆ, ಬುದ್ಧಿವಂತ. ನೀರು ಬೇಕಾದರೆ ಮಾತ್ರ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. — ಕುಂಬಳೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಭಾಷೆಯ ವಿಷಯ ಮೊದಲು ಮುಗಿಸುತ್ತೇನೆ. ಕಾಸರಗೋಡಿನಲ್ಲಿ ಮೂರು ಭಾಷೆ ಕೇಳದೆ ಬೆಳೆದ ಮಗು ಎಲ್ಲಿದೆ? ನಾವೆಲ್ಲ ಹಾಗೇ ಬೆಳೆದವರು. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಬಸ್ಸಿನಲ್ಲಿ ಇನ್ನೊಂದು. ಎರಡು ಮೂರು ಭಾಷೆ ಕೇಳುವುದರಿಂದ ಮಾತು ನಿಂತುಹೋಗುವುದಿಲ್ಲ. ಒಂದೊಂದು ಭಾಷೆಯಲ್ಲಿ ಶಬ್ದ ಕಡಿಮೆ ಇರಬಹುದು, ಎಲ್ಲವನ್ನೂ ಸೇರಿಸಿ ಎಣಿಸಬೇಕು. ಹಾಲಿಗೆ ಅಜ್ಜಿಯ ಹತ್ತಿರ ಪೇರ್ ಎಂದು, ನಿಮ್ಮ ಹತ್ತಿರ ಹಾಲು ಎಂದು ಹೇಳಿದರೆ ಎರಡೂ ಲೆಕ್ಕಕ್ಕೆ. ಹಾಗಾಗಿ ಅಜ್ಜಿಯ ಬಾಯಿ ಮುಚ್ಚಿಸಬೇಡಿ. ಮಗುವಿನೊಡನೆ ಮಾತಾಡುವವರು ಒಬ್ಬರು ಕಡಿಮೆಯಾದರೆ ನಷ್ಟವೇ.

ಆದರೆ ಎಲ್ಲ ಭಾಷೆ ಸೇರಿಸಿಯೂ ನಾಲ್ಕೈದೇ ಎಂದರೆ ಕಡಿಮೆಯೇ. ಎರಡು ವರ್ಷಕ್ಕೆ ಸುಮಾರು 50 ಶಬ್ದ ಇರುತ್ತದೆ. 'ಅಮ್ಮ ಬಾ', 'ಹಾಲು ಬೇಡ' ಎಂದು ಎರಡೆರಡು ಶಬ್ದ ಜೋಡಿಸುತ್ತಾರೆ. ಅಪ್ಪ ಮೂರು ವರ್ಷಕ್ಕೆ ಮಾತಾಡಿದ ಕಥೆ ಪ್ರತಿ ಮನೆಯಲ್ಲೂ ಇದೆ. ತಡವಾಗಿ ಶುರು ಮಾಡಿ ಸರಿಹೋದ ಮಕ್ಕಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಯಾವ ಮಗು ತಾನಾಗಿ ಸರಿಹೋಗುತ್ತದೆ, ಯಾವುದಕ್ಕೆ ಸಹಾಯ ಬೇಕು ಎಂಬುದು ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ. ಅಪ್ಪನ ಕಥೆ ಕೇಳಿ ಒಂದು ವರ್ಷ ಕಾದರೆ ಆ ವರ್ಷ ಹೋಯಿತು.

ನನಗೆ ಮಾತಿಗಿಂತ ಜಾಸ್ತಿ ಚಿಂತೆ ಆದದ್ದು ನಿಮ್ಮ 'ಅಂದ ಹಾಗೆ'ಯಲ್ಲಿ. ನೀರು ಬೇಕಾದರೆ ಕೈ ಹಿಡಿದು ಎಳೆಯುತ್ತಾನೆ ಅಂದಿರಿ. ಬೆರಳು ತೋರಿಸುತ್ತಾನಾ? ವರ್ಷ ತುಂಬುವ ಹೊತ್ತಿಗೆ ಮಕ್ಕಳು ಬೇಕಾದದ್ದಕ್ಕೆ ಬೆರಳು ತೋರಿಸುತ್ತಾರೆ. ಆಮೇಲೆ ಬೇಕಿಲ್ಲದ್ದಕ್ಕೂ ತೋರಿಸುತ್ತಾರೆ. ಕಾಗೆ ಬಂತು, ಬಸ್ಸು ಹೋಯಿತು, ನೀನೂ ನೋಡು ಅಂತ. ತೋರಿಸಿ ತಿರುಗಿ ನಿಮ್ಮ ಮುಖ ನೋಡುತ್ತಾರೆ, ನೋಡಿದೆಯಾ ಎಂದು. ಮಾತು ಹುಟ್ಟುವುದು ಅಲ್ಲಿಂದ. ಹಾಡನ್ನು ಹಾಗೇ ಒಪ್ಪಿಸುವುದು ಬೇರೆ, ಒಬ್ಬರಿಗೆ ಏನೋ ಹೇಳುವುದು ಬೇರೆ.

ಮನೆಯಲ್ಲೇ ಇಷ್ಟು ನೋಡಿ. ಅವನು ಆಟದಲ್ಲಿರುವಾಗ ಹಿಂದಿನಿಂದ, ಮೆಲ್ಲಗೆ, ಹೆಸರು ಹಿಡಿದು ಕರೆಯಿರಿ. ಬಟ್ಟಲು ಬಡಿದು ನೋಡಿದೆ, ತಿರುಗಿದ ಎಂದು ಬರೆಯಬೇಡಿ. ಕಿವಿ ಮಂದ ಇರುವ ಮಗುವೂ ಬಟ್ಟಲ ಸದ್ದಿಗೆ ತಿರುಗಬಹುದು. ಕೈಸನ್ನೆ ಮಾಡದೆ, ಕಣ್ಣಿನಲ್ಲೂ ತೋರಿಸದೆ 'ಚಪ್ಪಲಿ ತಾ' ಎಂದು ಹೇಳಿ. ತರುತ್ತಾನಾ? ದೂರದ ಮರದ ಕಡೆ ಬೆರಳು ಮಾಡಿ 'ಅಲ್ನೋಡು' ಅನ್ನಿ. ಮರ ನೋಡುತ್ತಾನಾ, ನಿಮ್ಮ ಬೆರಳು ನೋಡುತ್ತಾನಾ? ಮೊದಲು ಹೇಳುತ್ತಿದ್ದ ಶಬ್ದ ಯಾವುದಾದರೂ ಬಿಟ್ಟುಹೋಗಿದೆಯಾ? ಇದ್ದದ್ದು ಹೋಗುವುದು ಯಾವ ವಯಸ್ಸಿನಲ್ಲೂ ಒಳ್ಳೆಯ ಲಕ್ಷಣ ಅಲ್ಲ.

ಉತ್ತರ ಏನೇ ಬಂದರೂ ಕಿವಿ ಪರೀಕ್ಷೆ ಮಾಡಿಸಿ. ಹುಟ್ಟಿದಾಗ ಮಾಡಿದ್ದೇವೆ, ಪಾಸ್ ಎಂದು ಚೀಟಿ ಇದೆ ಅನ್ನಬಹುದು. ಆಮೇಲೆ ಶೀತ ಆಗಿ ಆಗಿ ಕಿವಿಯೊಳಗೆ ನೀರು ತುಂಬಿಕೊಳ್ಳುವುದುಂಟು. ಆಗ ಮಗುವಿಗೆ ಮಾತು ಕೇಳುತ್ತದೆ, ಸ್ಪಷ್ಟ ಇಲ್ಲ. ಜೊತೆಗೆ ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರಿಗೆ ತೋರಿಸಿ. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆ 2013ರಲ್ಲಿ ಶುರುವಾದದ್ದೇ ಇಂಥದ್ದಕ್ಕೆ. ನಿಮ್ಮ ಪಿಎಚ್‌ಸಿಯ ನರ್ಸಿಗೋ ಆಶಾ ಕಾರ್ಯಕರ್ತೆಗೋ ಹೇಳಿದರೆ ಜಿಲ್ಲೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ನೋಡಿ ಚಿಕಿತ್ಸೆ ಕೊಡುವ ಕೇಂದ್ರಕ್ಕೆ, ಚೀಟಿ ಬರೆದುಕೊಡುತ್ತಾರೆ. ಅಲ್ಲಿ ಖರ್ಚಿಲ್ಲ. ಕಿವಿಯೇ ಕಾರಣ ಎಂದಾದರೆ ಕೇರಳದಲ್ಲಿ ಕಾಕ್ಲಿಯರ್ ಇಂಪ್ಲಾಂಟಿಗೆ, ಅಂದರೆ ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕೇಳುವ ಯಂತ್ರಕ್ಕೆ, ಶ್ರುತಿತರಂಗಂ ಯೋಜನೆ ಇದೆ. ಬೆರಳು ತೋರಿಸದ ಮಗುವಿಗೆ ಆಟಿಸಂ ಇದೆಯಾ, ಅಂದರೆ ಬೇರೆಯವರೊಡನೆ ಬೆರೆಯುವುದರಲ್ಲಿ ತೊಂದರೆ ಇದೆಯಾ ಎಂದೂ ನೋಡುತ್ತಾರೆ. ಆ ಶಬ್ದ ಕೇಳಿ ಕೈಕಾಲು ಬಿಡಬೇಡಿ. ಅದನ್ನು ಪತ್ರ ನೋಡಿ ನಾನು ಹೇಳಲಾರೆ, ಯಾರೂ ಹೇಳಬಾರದು. ಆದರೆ ಈ ವಯಸ್ಸಿನಲ್ಲಿ ಅದನ್ನೂ ನೋಡಿಸಿಬಿಡುವುದು ಒಳ್ಳೆಯದು.

ಮೊಬೈಲ್ ತೆಗೆದಿಡಿ. ಎರಡು ವರ್ಷದೊಳಗೆ ಸ್ಕ್ರೀನೇ ಬೇಡ ಎಂದು ಭಾರತದ ಮಕ್ಕಳ ಡಾಕ್ಟರುಗಳ ಸಂಘ ಹೇಳುತ್ತದೆ. ಅಪ್ಪ ಗಲ್ಫಿನಲ್ಲೋ ಎಲ್ಲೋ ಇದ್ದರೆ ಅವರ ಜೊತೆ ವಿಡಿಯೋ ಕಾಲ್ ಮಾತ್ರ ಆಗಬಹುದು. ಮೊದಲ ಎರಡು ಮೂರು ದಿನ ಊಟಕ್ಕೆ ರಂಪ ಮಾಡುತ್ತಾನೆ. ಮಾಡಲಿ. ದನ ನೋಡುತ್ತಾ, ಕೋಳಿ ಓಡಿಸುತ್ತಾ ಉಣ್ಣಲಿ. ನೀವು ಅವನ ಎದುರು, ಕಣ್ಣಿನ ಮಟ್ಟಕ್ಕೆ ಕೂತು ಮಾತಾಡಿ. ಕೇಳಿ ನಿಲ್ಲಿಸಿ, ಉತ್ತರಕ್ಕೆ ಹತ್ತು ಎಣಿಸಿ ಕಾಯಿರಿ. ನಾವು ಕಾಯುವುದೇ ಇಲ್ಲ, ಎಲ್ಲ ನಾವೇ ಹೇಳಿಬಿಡುತ್ತೇವೆ.

ಪ್ರಶ್ನೆ: ನನ್ನ ಪುಳ್ಳಿಗೆ ಎಂಟು ತಿಂಗಳು, ತೂಕ 7.2 ಕಿಲೋ. ಆಚೆಮನೆಯ ಮಾಣಿ ಇವನಿಗಿಂತ ಹತ್ತು ದಿನ ಚಿಕ್ಕವನು, 9 ಕಿಲೋ ಇದ್ದಾನೆ. ಸೊಸೆಗೆ ಹಾಲು ಸಾಲದೋ ಎಂದು ನನಗೆ ಸಂಶಯ. ಅಂಗನವಾಡಿ ಟೀಚರ್ ಪರವಾಗಿಲ್ಲ ಅನ್ನುತ್ತಾರೆ. ಹುಟ್ಟುವಾಗ 2.5 ಕಿಲೋ, ಆರು ತಿಂಗಳಲ್ಲಿ 6.6 ಇತ್ತು. ಅಂದ ಹಾಗೆ, ಊಟಕ್ಕೆ ಗಂಜಿತಿಳಿ ಕೊಡುತ್ತೇವೆ. — ಒಬ್ಬ ಅಜ್ಜಿ, ನೀರ್ಚಾಲು

ಉತ್ತರ: ಅಕ್ಕಾ, ಟೀಚರ್ ಹೇಳಿದ್ದು ಸರಿ. ತೂಕವನ್ನು ಕ್ರಮವಾಗಿ ಬರೆದು ಕಳಿಸಿದ್ದಕ್ಕೆ ಮೊದಲು ನಿಮ್ಮ ಕೈ ಮುಟ್ಟಬೇಕು. ಅಮ್ಮಂದಿರೂ ಇಷ್ಟು ಬರೆಯುವುದಿಲ್ಲ.

ಎಂಟು ತಿಂಗಳ ಗಂಡು ಮಗುವಿಗೆ ನಡುವಿನ ತೂಕ 8.6 ಕಿಲೋ. 6.9ಕ್ಕಿಂತ ಕೆಳಗೆ ಹೋದರೆ ಕಡಿಮೆ ತೂಕ ಎಂದು ಲೆಕ್ಕ. ನಿಮ್ಮ ಪುಳ್ಳಿ ತಾಯಿ ಕಾರ್ಡಿನ ಹಸಿರು ಪಟ್ಟೆಯ ಕೆಳಗಿನ ಭಾಗದಲ್ಲಿದ್ದಾನೆ. ಮುಖ್ಯ ಅದಲ್ಲ. ಹುಟ್ಟುವಾಗ ಎಲ್ಲಿದ್ದ, ಆರು ತಿಂಗಳಲ್ಲಿ ಎಲ್ಲಿದ್ದ, ಈಗ ಎಲ್ಲಿದ್ದಾನೆ ಎಂದು ಮೂರು ಚುಕ್ಕೆ ಸೇರಿಸಿ ಗೆರೆ ಎಳೆಯಿರಿ. ಗೆರೆ ಮೇಲಕ್ಕೆ, ಪಟ್ಟೆಯ ಜೊತೆಜೊತೆಗೇ ಹೋಗುತ್ತಿದೆ. 2.5 ಕಿಲೋ ಹುಟ್ಟಿದ ಮಗು ಆರು ತಿಂಗಳೊಳಗೆ ಎರಡು ಪಟ್ಟು ದಾಟಿದೆ. ವರ್ಷಕ್ಕೆ ಮೂರು ಪಟ್ಟು ಆಗಬೇಕು, ಆಗುತ್ತದೆ. ನಾನು ಹೆದರುವುದು ಗೆರೆ ಮಲಗಿದಾಗ. 9 ಕಿಲೋದ ಮಗು ಮೂರು ತಿಂಗಳು 9ರಲ್ಲೇ ನಿಂತರೆ ಅದನ್ನು ನೋಡಬೇಕು, ಅಲ್ವಾ? ಆಚೆಮನೆಯವರಿಗೆ ಇದನ್ನು ಹೇಳಲು ಹೋಗಬೇಡಿ, ಸುಮ್ನೆ ಜಗಳ.

ತೂಗುವಾಗ ಉಡಿದಾರ, ಬೆಳ್ಳಿಯ ಕಾಲುಗೆಜ್ಜೆ, ಒದ್ದೆ ನ್ಯಾಪ್ಕಿನ್ ಎಲ್ಲ ತೆಗೆಯಿರಿ. ಪ್ರತಿ ಸಲ ಒಂದೇ ತಕ್ಕಡಿ ಆದರೆ ಒಳ್ಳೆಯದು.

ಆದರೆ ಗಂಜಿತಿಳಿ ಬೇಡ. ಅದು ನೀರು. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಸೊಸೆಯ ಹಾಲಿನ ಮೇಲೆ ಸಂಶಯ ಪಡುವ ಮೊದಲು ಬಟ್ಟಲು ನೋಡಿ. ಚಮಚ ಓರೆ ಮಾಡಿದರೆ ಕೂಡಲೇ ಸುರಿದುಹೋಗಬಾರದು, ಅಷ್ಟು ದಪ್ಪ ಇರಬೇಕು. ರಾಗಿ ಮಣ್ಣಿ, ಅಂದರೆ ಗಟ್ಟಿಯಾಗಿ ಕಾಯಿಸಿದ ರಾಗಿ, ಮಾಡಿ. ನೇಂದ್ರ ಬಾಳೆಕಾಯಿ ಪುಡಿಯದ್ದೂ ಆಗುತ್ತದೆ. ಅಂಗನವಾಡಿಯಿಂದ ಬರುವ ಅಮೃತಂ ಪುಡಿಯನ್ನು ದೊಡ್ಡವರು ಉಂಡೆ ಕಟ್ಟಿ ತಿನ್ನಬೇಡಿ, ಅದು ಮಗುವಿನ ಪಾಲು. ಅನ್ನಕ್ಕೆ ಹೆಸರುಬೇಳೆ ಸೇರಿಸಿ ಬೇಯಿಸಿ, ಕೈಯಲ್ಲಿ ಹಿಸುಕಿ, ಒಂದು ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಹಾಕಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡುವ ವಯಸ್ಸು ಮುಗಿಯಿತು. ಸ್ವಲ್ಪ ತರಿ ಇರಲಿ, ಜಗಿಯಲು ಕಲಿಯಲಿ. ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಅರ್ಧ ಬಟ್ಟಲು, ಜೊತೆಗೆ ತಾಯಿಹಾಲು. ಜೇನುತುಪ್ಪ ವರ್ಷ ತುಂಬುವವರೆಗೆ ನಾಲಿಗೆಗೂ ಹಚ್ಚಬೇಡಿ. ಕಬ್ಬಿಣದ ಸಿರಪ್ ವಾರಕ್ಕೆ 2 ಸಲ 1 ಮಿಲಿ ಕೊಡುವ ಪದ್ಧತಿ ಆರು ತಿಂಗಳ ಮೇಲಿನ ಮಕ್ಕಳಿಗೆ ಇದೆ. ಕೊಡದಿದ್ದರೆ ಆಶಾ ಹತ್ತಿರ ಕೇಳಿ. ಮಲ ಕಪ್ಪಗಾದರೆ ಗಾಬರಿ ಬೇಡ.

ಪ್ರಶ್ನೆ: ನಮ್ಮದು 32 ವಾರಕ್ಕೆ ಹುಟ್ಟಿದ ಮಗು. ಈಗ ಐದು ತಿಂಗಳು. ಕವುಚಿ ಬೀಳುವುದಿಲ್ಲ, ಕತ್ತು ಈಗಷ್ಟೇ ನಿಲ್ಲುತ್ತಿದೆ. — ಮುಳ್ಳೇರಿಯ

ಉತ್ತರ: 40 ವಾರಕ್ಕೆ ಬರಬೇಕಾದ ಮಗು ಎಂಟು ವಾರ ಮೊದಲೇ ಬಂತು. ಐದರಿಂದ ಎರಡು ತಿಂಗಳು ಕಳೆಯಿರಿ. ಬೆಳವಣಿಗೆಯ ಲೆಕ್ಕಕ್ಕೆ ಅದು ಮೂರು ತಿಂಗಳ ಮಗು, ಮೂರು ತಿಂಗಳಿಗೆ ಅಷ್ಟೇ ಮಾಡುವುದು. ಎರಡು ವರ್ಷದವರೆಗೆ ಹೀಗೇ ಕಳೆದು ನೋಡಿ, ತೂಕವನ್ನೂ. ಚುಚ್ಚುಮದ್ದಿಗೆ ಮಾತ್ರ ಕಳೆಯಬಾರದು, ಹುಟ್ಟಿದ ದಿನದಿಂದಲೇ ಲೆಕ್ಕ. ಬೇಗ ಹುಟ್ಟಿದ ಮಕ್ಕಳಿಗೆ ಮೊದಲ ತಿಂಗಳೊಳಗೆ ಕಣ್ಣಿನ ಹಿಂಭಾಗದ ಪರೀಕ್ಷೆ ಮಾಡುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಅದು ಇದೆಯಾ ನೋಡಿ. ಇಲ್ಲದಿದ್ದರೆ ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಕಿವಿಯನ್ನೂ.

ಪ್ರಶ್ನೆ: ಮಗಳಿಗೆ ಏಳು ತಿಂಗಳು. ಏನು ಕೊಟ್ಟರೂ ಬಲಗೈಯಲ್ಲೇ ತೆಗೆದುಕೊಳ್ಳುತ್ತಾಳೆ. ಸದ್ಯ ಎಡಚಿ ಆಗಲಿಲ್ಲ ಎಂದು ನನ್ನ ಅಮ್ಮನಿಗೆ ಖುಷಿ. ಹೆಂಡತಿಗೆ ಮಾತ್ರ ಹೆದರಿಕೆ. ನಮ್ಮದು ಹೆಲಿಕಾಪ್ಟರಿನಲ್ಲಿ ಗೇರು ತೋಟಕ್ಕೆ ಎಂಡೋಸಲ್ಫಾನ್ ಕೀಟನಾಶಕ ಹೊಡೆದ ಕಡೆಯ ಊರು. ಅದರದ್ದೇನಾದರೂ ಇರಬಹುದೇ ಎಂದು ರಾತ್ರಿ ನಿದ್ದೆ ಮಾಡುವುದಿಲ್ಲ. ಯಾರಿಗೂ ತೋರಿಸಿಲ್ಲ. — ಒಬ್ಬ ತಂದೆ, ಎಣ್ಮಕಜೆ

ಉತ್ತರ: ನಿಮ್ಮ ಹೆಂಡತಿ ನೋಡಿದ್ದು ಸರಿಯಾಗಿದೆ. ಏಳು ತಿಂಗಳ ಮಗುವಿಗೆ ಬಲಗೈ, ಎಡಗೈ ಎಂಬ ಪಕ್ಷಪಾತ ಇರಬಾರದು. ಹತ್ತಿರ ಇರುವ ಕೈ ಚಾಚಬೇಕು. ಯಾವ ಕೈ ಎಂದು ತೀರ್ಮಾನ ಆಗುವುದು ವರ್ಷ ದಾಟಿದ ಮೇಲೆ. ಅದಕ್ಕಿಂತ ಮೊದಲೇ ಒಂದೇ ಕೈ ಬಳಸಿದರೆ, ಆ ಕೈ ಜಾಣ ಎಂದಲ್ಲ, ಇನ್ನೊಂದು ಕೈಯಲ್ಲಿ ಏನೋ ತೊಂದರೆ ಇರಬಹುದು ಎಂದು ನಾವು ನೋಡುತ್ತೇವೆ.

ಮಗುವನ್ನು ಹೆಂಡತಿಯ ಮಡಿಲಲ್ಲಿ ನೇರ ಕೂರಿಸಿ. ನೀವು ಎದುರು ಕೂತು ಬಣ್ಣದ ಲೋಟವನ್ನು ಎದೆಯ ನಡುಮಟ್ಟಕ್ಕೆ ಹಿಡಿಯಿರಿ. ಆಮೇಲೆ ಅವಳ ಎಡಗಡೆಗೆ ಹಿಡಿಯಿರಿ. ಎಡಗೈ ಬಿಟ್ಟು ಬಲಗೈಯನ್ನೇ ದಾಟಿಸಿ ತರುತ್ತಾಳಾ? ಈಗ ಬಲಗೈಯನ್ನು ಮೆಲ್ಲ ಹಿಡಿದುಕೊಳ್ಳಿ. ಎಡಗೈ ಮುಂದೆ ಬರುತ್ತದಾ, ಸಿಟ್ಟು ಬಂದು ಅಳುತ್ತಾಳಾ? ಎಡ ಮುಷ್ಟಿ ಯಾವಾಗಲೂ ಬಿಗಿದು, ಹೆಬ್ಬೆರಳು ಒಳಗೆ ಸಿಕ್ಕಿದೆಯಾ? ಮೀಯಿಸುವಾಗ ಎಡಕಾಲು ಕೂಡ ಬಿಗಿ ಅನಿಸುತ್ತದಾ? ಮೀಯಿಸುವ ಅಜ್ಜಿಯನ್ನೇ ಕೇಳಿ, ಎಣ್ಣೆ ಹಚ್ಚುವ ಕೈಗೆ ಇದು ನಮಗಿಂತ ಮೊದಲು ಗೊತ್ತಾಗುತ್ತದೆ.

ಕಾರಣ ಹಲವು ಇರಬಹುದು. ಹೆರಿಗೆಯಲ್ಲಿ ಭುಜ ಎಳೆದು ನರಕ್ಕೆ ಪೆಟ್ಟಾದದ್ದಿರಬಹುದು. ಹುಟ್ಟುವ ಹೊತ್ತಿಗೆ ಮೆದುಳಿನ ಒಂದು ಬದಿಗೆ ರಕ್ತ ಕಡಿಮೆಯಾದದ್ದಿರಬಹುದು. ಇಂಥದ್ದು ಯಾವ ಊರಿನ ಮಗುವಿಗೂ ಆಗುತ್ತದೆ. ಆ ಸಿಂಪರಣೆ ನಿಂತು ಎರಡು ದಶಕ ದಾಟಿತು. ನಿಮ್ಮ ಕಡೆಯ ಮನೆಗಳು ಏನು ಅನುಭವಿಸಿವೆ ಎಂದು ನಮಗೆಲ್ಲ ಗೊತ್ತು, ಹೆದರಿಕೆ ಸುಳ್ಳಲ್ಲ. ಆದರೆ ಹೆದರಿ ತೋರಿಸದೆ ಕೂತರೆ ತಿಂಗಳುಗಳು ಹೋಗುತ್ತವೆ. ಈ ವಯಸ್ಸಿನ ಮೆದುಳು ಬೇಗ ಕಲಿಯುತ್ತದೆ. ಒಳ್ಳೆಯ ಕೈಯನ್ನು ದಿನಕ್ಕೆ ಸ್ವಲ್ಪ ಹೊತ್ತು ಕಟ್ಟಿಹಾಕಿ ಇನ್ನೊಂದು ಕೈಗೆ ಕೆಲಸ ಕೊಡುವ ಚಿಕಿತ್ಸೆ ಈಗ ಎಳೆ ಮಕ್ಕಳಿಗೂ ಇದೆ. ಅದನ್ನು ನೀವೇ ಮನೆಯಲ್ಲಿ ಮಾಡಬೇಡಿ, ಫಿಸಿಯೋಥೆರಪಿಯವರು ಹೇಳಿಕೊಡಲಿ.

ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಮಗು ಲೋಟ ಹಿಡಿಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಆಸ್ಪತ್ರೆಯಲ್ಲಿ ಅತ್ತು ಏನೂ ಮಾಡದೆ ಇರಬಹುದು. ಹೆರಿಗೆಯ ಡಿಸ್ಚಾರ್ಜ್ ಚೀಟಿ ಮರೆಯಬೇಡಿ. ಹುಟ್ಟುವಾಗ ತೂಕ ಎಷ್ಟು, ಭುಜ ಸಿಕ್ಕಿಹಾಕಿಕೊಂಡಿತ್ತಾ, ಕೂಡಲೇ ಅತ್ತಿತಾ ಎಂದು ಡಾಕ್ಟರ್ ಮೊದಲು ಕೇಳುವುದು ಅದನ್ನೇ.